ಆಟದ ಮಂಜು ಒರೆಸಬಹುದು, ಹೊಳೆ ಸೇತುವೆಯ ಮಂಜು?

ಹೋದ ಚಳಿಗಾಲದಲ್ಲಿ ಹರಿಹರದ ಹುಡುಗನೊಬ್ಬ ನಮಗೆ ಫೋನ್ ಮಾಡಿದ. "ಅಣ್ಣಾ, ನಮ್ಮೂರ ಮ್ಯಾಲೆ ವಿಮಾನ ತಂದೀನಿ, ಏನೂ ಕಾಣವಲ್ದು. ಹೊಳಿನೂ ಇಲ್ಲ, ಗುಡಿನೂ ಇಲ್ಲ, ಬರೇ ಬಿಳಿ" ಅಂದ.

ಗಾಬರಿ ಬೇಡ. ಇದು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಫ್ಲೈಟ್ ಸಿಮ್ಯುಲೇಟರ್. ನಮ್ಮ ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ಅಂದರೆ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆ ನಿಲ್ದಾಣ. ಆದರೂ ಹುಡುಗರು ಮನೆಯಲ್ಲೇ ಕೂತು ಹಾರುತ್ತಾರೆ. ನಾವೇನು ವಿಮಾನದ ಪಂಡಿತರಲ್ಲ. ದಾವಣಗೆರೆಯಿಂದ 14 ಕಿ.ಮೀ. ಬಸ್ಸಿನಲ್ಲಿ ಹೋಗಿ, ಅವನ ಪಕ್ಕ ಕೂತು ಒಂದೊಂದೇ ಬಿಚ್ಚಿ ನೋಡಿದೆವು.

ಅವನದು ಎಕ್ಸ್-ಪ್ಲೇನ್ ಎಂಬ ಆಟ. ಮೊದಲ ತಪ್ಪು ಬೇಗ ಸಿಕ್ಕಿತು. ವಾರದ ಹಿಂದೆ 'ನಿಜ ಹವಾಮಾನ' ಆಯ್ಕೆ ತೆಗೆದು ಕೈಯಾರೆ ಹವಾಮಾನ ಇಟ್ಟಿದ್ದ, ಆಮೇಲೆ ಮರೆತಿದ್ದ. ಎರಡನೆಯದು ಗೋಚರತೆಯ ಅಳತೆ. ಅಲ್ಲಿ ಅದು ಮೈಲಿಯಲ್ಲಿರುತ್ತದೆ, ಕಿಲೋಮೀಟರಿನಲ್ಲಲ್ಲ. ಒಂದು ಮೈಲಿ ಅಂದರೆ 1.6 ಕಿ.ಮೀ. ಅವನ ಗುಂಡಿ ಅರ್ಧ ಮೈಲಿಗೆ ಬಂದು ನಿಂತಿತ್ತು. ಸರಿಸಿದೆವು. ಆದರೂ ಬಿಳಿ ಹೋಗಲಿಲ್ಲ.

ಮೂರನೆಯ ತಪ್ಪು ನಮಗೂ ಪಾಠವಾಯಿತು. ಮೋಡದ ತಳವನ್ನು ಅವನು 2000 ಅಡಿಗೆ ಇಟ್ಟಿದ್ದ. ಎತ್ತರದಲ್ಲೇ ಇದೆಯಲ್ಲ ಅಂತ ಅವನ ಲೆಕ್ಕ. ಆದರೆ ಆ ಆಟ ಮೋಡದ ಎತ್ತರವನ್ನು ಅಳೆಯುವುದು ಸಮುದ್ರಮಟ್ಟದಿಂದ. ದಾವಣಗೆರೆ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್, ಅಂದರೆ ಸುಮಾರು 2000 ಅಡಿ ಮೇಲಿದೆ. ಹರಿಹರ ಅದಕ್ಕಿಂತ ತುಸು ತಗ್ಗು. ಹೀಗಾಗಿ ಅವನು ಮೋಡವನ್ನು ಆಕಾಶದಲ್ಲಿ ಇಟ್ಟಿರಲಿಲ್ಲ, ಊರಿನ ಹಂಚಿನ ಮೇಲೇ ಹಾಸಿದ್ದ! 5000 ಅಡಿಗೆ ಏರಿಸಿದ ಕೂಡಲೇ ತುಂಗಭದ್ರೆ ಕಂಡಳು.

ಆಮೇಲೆ ಹುಡುಗ ಕೇಳಿದ: "ನಿಜ ಹವಾಮಾನ ಒತ್ತಿದರೆ ಈಗ ಹೊರಗಿರೋದೇ ಬರಬೇಕಲ್ಲ?" ಒತ್ತಿದೆವು. ಕಿಟಕಿಯಾಚೆ ಸುಡುಬಿಸಿಲು, ಪರದೆಯಲ್ಲಿ ಮೋಡ. ಯಾಕೆ? ವಿಮಾನ ನಿಲ್ದಾಣಗಳು ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಮೆಟಾರ್ ಎಂಬ ಹವಾಮಾನ ವರದಿ ಕೊಡುತ್ತವೆ. ಅದರಲ್ಲಿ 0800 ಅಂತಿದ್ದರೆ 800 ಮೀಟರ್ ಕಾಣುತ್ತದೆ ಎಂದರ್ಥ. 9999 ಅಂತಿದ್ದರೆ 10 ಕಿ.ಮೀ. ಅಥವಾ ಹೆಚ್ಚು. ಅದರ ಗಡಿಯಾರವೂ ನಮ್ಮದಲ್ಲ, ನಮಗಿಂತ ಐದೂವರೆ ಗಂಟೆ ಹಿಂದೆ. ನಿಲ್ದಾಣವೇ ಇಲ್ಲದ ದಾವಣಗೆರೆಗೆ ಇಂಥ ವರದಿ ಎಲ್ಲಿಂದ ಬರಬೇಕು? ದೂರದ ಊರುಗಳ ಅಂಕಿ ಮತ್ತು ಕಂಪ್ಯೂಟರಿನ ಲೆಕ್ಕ ಸೇರಿಸಿ ಆಟವು ನಮ್ಮ ಆಕಾಶವನ್ನು ಅಂದಾಜು ಮಾಡುತ್ತದೆ. ಅಂದಾಜು ತಪ್ಪಲ್ಲ. ಅದನ್ನೇ ಕಣ್ಣಾರೆ ಕಂಡದ್ದು ಅಂತ ನಂಬುವುದು ತಪ್ಪು.

ನಾವು ಹೇಳಬೇಕೆಂದಿರುವ ಮಾತು ಇದೇ. ನಮ್ಮ ನಿಮ್ಮ ಫೋನಿನಲ್ಲಿರುವ ಸೂರ್ಯ, ಮೋಡ, ಛತ್ರಿಯ ಚಿತ್ರಗಳ ಕತೆಯೂ ಬೇರೆಯಲ್ಲ. ಆ ಸೂರ್ಯನ ಚಿತ್ರ ನಂಬಿ ನಮ್ಮ ಮನೆಯವರೇ ಒಮ್ಮೆ ರಸ್ತೆ ಮೇಲೆ ಭತ್ತ ಹರವಿದ್ದರು. ಸಂಜೆ ನಾಲ್ಕಕ್ಕೆ ಮಳೆ ಬಂತು, ರಾಶಿಯೆಲ್ಲ ತೊಯ್ದು ಮುದ್ದೆ. ಆಟದಲ್ಲಾದರೆ ಮತ್ತೆ ಶುರು ಮಾಡಬಹುದು. ಭದ್ರಾ ನೀರಿಗೆ ಕಾದು ಬೆಳೆದ ಭತ್ತಕ್ಕೆ ಆ ಗುಂಡಿ ಇಲ್ಲ.

ಹಾಗಂತ ನಮ್ಮೂರಲ್ಲಿ ಅಳೆಯುವವರೇ ಇಲ್ಲವೆಂದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ರಾಜ್ಯದಾದ್ಯಂತ 6000ಕ್ಕೂ ಹೆಚ್ಚು ಮಳೆಮಾಪಕ ಕೂರಿಸಿದೆ. ಅವು 15 ನಿಮಿಷಕ್ಕೊಮ್ಮೆ ತಾವಾಗಿಯೇ ಅಂಕಿ ಕಳಿಸುತ್ತವೆ. ಅಡಿಕೆಯಂಥ ಬೆಳೆಗೆ ಹವಾಮಾನ ಆಧಾರಿತ ವಿಮೆಯ ಲೆಕ್ಕ ನಡೆಯುವುದೂ ಇಂಥ ಅಂಕಿಗಳ ಮೇಲೆಯೇ. ಆದರೆ ಅಂಕಿ ನಮ್ಮ ಊರಿನಿಂದ ಬೆಂಗಳೂರಿಗೆ ಹೋಗುತ್ತದೆ, ನಮ್ಮ ಊರಿನ ಗೋಡೆಗೆ ಬರುವುದಿಲ್ಲ. ನಾವು ಸುದ್ದಿಗೆ ಸುತ್ತುವ ಪಂಚಾಯ್ತಿಗಳಲ್ಲಿ 'ನಿನ್ನೆ ಇಷ್ಟು ಮಿ.ಮೀ.' ಅಂತ ಬರೆದ ಒಂದು ಹಲಗೆಯನ್ನೂ ನಾವು ಕಂಡಿಲ್ಲ.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣ, ದಿನಕ್ಕೆ ಎರಡು ನಿಮಿಷ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ: "ನಮ್ಮ ಮಳೆಮಾಪಕ ಎಲ್ಲಿದೆ? ಕೆಲಸ ಮಾಡ್ತಿದೆಯಾ? ಅಂಕಿ ದಿನಾ ಬರೀರಿ." ವಿಮೆ ಬರಲಿಲ್ಲ ಅಂತ ಆಮೇಲೆ ಕೂಗುವುದಕ್ಕಿಂತ ಮಾಪಕದ ಮೇಲೆ ಮೊದಲೇ ಕಣ್ಣಿಡುವುದು ಲೇಸು.

ಇನ್ನು ಆಟ ಆಡುವ ಮಕ್ಕಳನ್ನು ಬೈಯುವ ಹಿರಿಯರಿಗೆ ಒಂದು ಮಾತು. ಆ ಹುಡುಗ ಅರ್ಧ ದಿನದಲ್ಲಿ ಮೈಲಿ, ಮೀಟರ್, ಸಮುದ್ರಮಟ್ಟ, ಗಡಿಯಾರದ ವ್ಯತ್ಯಾಸ ಎಲ್ಲ ಕಲಿತ. ಬೈಯುವ ಬದಲು ಪಂಚಾಯ್ತಿಯ ಹಲಗೆ ಬರೆಯುವ ಕೆಲಸ ಅವನಿಗೇ ಕೊಡಿ.

ಅವನಿಗೂ ಒಂದು ಮಾತು ಹೇಳಿ ಬಂದೆವು. ಚಳಿಗಾಲದಲ್ಲಿ ಗಾಳಿಯಿಲ್ಲದ ರಾತ್ರಿ ಕಳೆದರೆ ನಸುಕಿನಲ್ಲಿ ಹೊಳೆ ಮೇಲೆ, ನೀರು ನಿಂತ ಗದ್ದೆ ಮೇಲೆ ಮಂಜು ಇಳಿಯುತ್ತದೆ. ಬೈಕ್ 60 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮುಂದೆ 50 ಮೀಟರ್ ಮಾತ್ರ ಕಾಣುತ್ತಿದ್ದರೆ ನಿನ್ನ ಕೈಯಲ್ಲಿರುವುದು ಮೂರೇ ಸೆಕೆಂಡು. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿನ್ನ ಕಣ್ಣಿಗೇ ವಾಪಸ್ ಬರುತ್ತದೆ. ಆದ್ದರಿಂದ ದೀಪ ತಗ್ಗಿಸು, ವೇಗ ಇಳಿಸು, ಆಗದಿದ್ದರೆ ರಸ್ತೆಯಿಂದ ದೂರ ಸರಿದು ನಿಲ್ಲು.

"ಅಲ್ಲಿ ಸೆಟ್ಟಿಂಗ್ ಇಲ್ಲ ಬಿಡ್ರಿ ಅಣ್ಣಾ" ಅಂದ ಹುಡುಗ.

ಅಷ್ಟು ತಿಳಿದರೆ ಸಾಕು.