ಧಾನ್ಯದ ಲೆಕ್ಕ ಹಾಕಿದ ಟೀಚರ್

ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ನಾವೆಲ್ಲ ಓದಿದ್ದೇವೆ: ಸಂಪನ್ಮೂಲ ಸೀಮಿತ, ಬಯಕೆಗಳು ಅಪಾರ, ಆದ್ದರಿಂದ ಆಯ್ಕೆ ಮಾಡಲೇಬೇಕು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಈ ಮಾತು ನನಗೆ ನಿಜವಾಗಿ ಅರ್ಥವಾದದ್ದು ಒಂದು ಹಳೆಯ ಕಂಪ್ಯೂಟರ್ ಆಟದಿಂದ.

ಆಟದ ಹೆಸರು 'ಹಮುರಾಬಿ'. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ ಮತ್ತು ಅಂಕಿ. ನೀವು ಪ್ರಾಚೀನ ರಾಜ್ಯವೊಂದರ ದೊರೆ. ಉಗ್ರಾಣದಲ್ಲಿ ಇಂತಿಷ್ಟು ಧಾನ್ಯವಿದೆ. ಜನರ ಊಟಕ್ಕೆ ಎಷ್ಟು, ಬಿತ್ತನೆಗೆ ಎಷ್ಟು ಎಂದು ಪ್ರತಿ ವರ್ಷ ತೀರ್ಮಾನಿಸಬೇಕು. ಮೊದಲ ಸಲ ನಾನು ಬಿತ್ತನೆಗೆ ಹೆಚ್ಚು ಕೊಟ್ಟೆ. ಜನ ಹಸಿವಿನಿಂದ ಸತ್ತರು, ನನ್ನನ್ನು ಪದವಿಯಿಂದ ಇಳಿಸಿಬಿಟ್ಟರು! ಎರಡನೇ ಸಲ ಎಲ್ಲರಿಗೂ ಹೊಟ್ಟೆ ತುಂಬಾ ಕೊಟ್ಟೆ. ಮರುವರ್ಷ ಬಿತ್ತಲು ಕಾಳೇ ಸಾಲಲಿಲ್ಲ. ಪಕ್ಕದಲ್ಲಿದ್ದ ಅಮ್ಮಿ, "ಹಜ್ರತ್ ಯೂಸುಫರ ಕಥೆ ಎಷ್ಟು ಸಲ ಹೇಳಿದ್ದೇನೆ, ಒಂದಿಷ್ಟು ತೆಗೆದಿಡಬಾರದಿತ್ತಾ?" ಎಂದು ನಕ್ಕರು.

ಇದನ್ನು ಮಾಡಿದವರು ಯಾರು ಎಂದು ಹುಡುಕುತ್ತಾ ಹೋದೆ. ಯಾರೋ ದೊಡ್ಡ ಎಂಜಿನಿಯರ್ ಇರಬೇಕು ಅಂದುಕೊಂಡಿದ್ದೆ. ಹುಡುಕಾಟ ಕೊನೆಗೆ ಹೋಗಿ ನಿಂತದ್ದು ಒಬ್ಬ ಶಾಲಾ ಶಿಕ್ಷಕಿಯ ಹತ್ತಿರ.

ಅವರ ಹೆಸರು ಮೇಬಲ್ ಆಡಿಸ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಟೋನಾ ಎಂಬಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅಲ್ಲಿನ ವೆಸ್ಟ್‌ಚೆಸ್ಟರ್ ಕೌಂಟಿಯ ಶಿಕ್ಷಣ ಮಂಡಳಿ ಮತ್ತು ಐಬಿಎಂ ಕಂಪನಿ ಸೇರಿ, ಕಂಪ್ಯೂಟರ್ ಮೂಲಕ ಮಕ್ಕಳಿಗೆ ಪಾಠ ಕಲಿಸಬಹುದೇ ಎಂದು ಪ್ರಯೋಗ ನಡೆಸಿದವು. ಆಗ ಆಡಿಸ್ ರೂಪಿಸಿ ಬರೆದ ಆಟವೇ 'ದಿ ಸುಮೇರಿಯನ್ ಗೇಮ್'. 1964ರಲ್ಲಿ ಅದರ ಮೊದಲ ರೂಪ ಸಿದ್ಧವಾಯಿತು. ಪ್ರೋಗ್ರಾಂ ಬರೆದವರು ಐಬಿಎಂನ ವಿಲಿಯಂ ಮೆಕೆ.

ಆಟಗಾರ ಸುಮೇರ್ ನಾಡಿನ ಲಗಾಶ್ ನಗರದ ದೊರೆ. ಧಾನ್ಯವನ್ನು ಊಟಕ್ಕೆ, ಬಿತ್ತನೆಗೆ, ಸಂಗ್ರಹಕ್ಕೆ ಹಂಚಬೇಕು. ಮುಂದಿನ ಭಾಗಗಳಲ್ಲಿ ಕರಕುಶಲ ಕೆಲಸ, ವ್ಯಾಪಾರ ಬರುತ್ತವೆ. ಮಕ್ಕಳ ಮುಂದೆ ಪರದೆ ಇರಲಿಲ್ಲ. ಟೈಪ್‌ರೈಟರಿನಂಥ ಯಂತ್ರದಲ್ಲಿ ಉತ್ತರ ಒತ್ತಿದರೆ, ದೂರದ ಐಬಿಎಂ 7090 ಕಂಪ್ಯೂಟರ್ ಲೆಕ್ಕ ಮಾಡಿ ಫಲಿತಾಂಶವನ್ನು ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. 1966ರ ಹೊತ್ತಿಗೆ ಅದಕ್ಕೆ ಸ್ಲೈಡ್ ಚಿತ್ರಗಳೂ ಟೇಪಿನಲ್ಲಿ ಧ್ವನಿಯೂ ಸೇರಿದವು. ಇಂದು ಮೊಬೈಲಿನಲ್ಲಿ ಊರು ಕಟ್ಟುವ, ರಾಜ್ಯ ಆಳುವ ಆಟಗಳನ್ನು ಆಡುತ್ತೇವಲ್ಲ, ಅವುಗಳ ಅಜ್ಜಿ ಇದು.

ಹಾಗಾದರೆ ಆಡಿಸ್ ಹೆಸರು ನಮಗೆ ಏಕೆ ಗೊತ್ತಿಲ್ಲ? ಯಾರೂ ಕದಿಯಲಿಲ್ಲ, ಕೈಯಿಂದ ಕೈಗೆ ಹೋಗುವಾಗ ಕಳೆದುಹೋಯಿತು. 1968ರಲ್ಲಿ ಡಗ್ ಡೈಮೆಂಟ್ ಎಂಬವರು ಈ ಆಟದ ವಿವರಣೆ ಕೇಳಿ ತಮ್ಮದೇ ಚಿಕ್ಕ ಆಟ ಬರೆದರು. ಅದನ್ನು ಡೇವಿಡ್ ಆಲ್ ಬೇಸಿಕ್ ಭಾಷೆಗೆ ತಂದು 1973ರಲ್ಲಿ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅದೇ ಹಮುರಾಬಿ. ಸುಮೇರಿನ ದೊರೆಯ ಜಾಗಕ್ಕೆ ಬ್ಯಾಬಿಲೋನಿನ ರಾಜನ ಹೆಸರು ಬಂತು. ಆ ಪುಸ್ತಕದಿಂದ ಆಟ ಕಲಿತ ಎಷ್ಟೋ ಜನರಿಗೆ ಅದರ ಹಿಂದೆ ಒಬ್ಬ ಟೀಚರ್ ಇದ್ದರೆಂಬುದು ತಿಳಿಯಲೇ ಇಲ್ಲ. ಮೂಲ ಪ್ರೋಗ್ರಾಂ ಕಳೆದುಹೋಯಿತು. ಆಡಿಸ್ 2004ರಲ್ಲಿ ತೀರಿಕೊಂಡರು. ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ಪಯೊನಿಯರ್ ಪ್ರಶಸ್ತಿ ಅವರಿಗೆ ಸಂದದ್ದು 2023ರಲ್ಲಿ, 19 ವರ್ಷ ತಡವಾಗಿ.

ಕೋಡ್ ಬರೆದವರೇ ಆಟ ಮಾಡಿದವರು ಎಂದು ಕೆಲವರು ವಾದಿಸಬಹುದು. ಮೆಕೆ ಅವರ ಕೆಲಸ ಸಣ್ಣದಲ್ಲ. ಆದರೆ ಊಟಕ್ಕೆ ಕೊಟ್ಟರೆ ಬಿತ್ತನೆಗೆ ಕಡಿಮೆ, ಬಿತ್ತಿದರೆ ಸಂಗ್ರಹಕ್ಕೆ ಕಡಿಮೆ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳದಿದ್ದರೆ, ಅಷ್ಟು ದೊಡ್ಡ ಯಂತ್ರಕ್ಕೆ ಲೆಕ್ಕ ಮಾಡಲು ಏನಿರುತ್ತಿತ್ತು? 'ಕಾಮರ್ಸ್‌ನವರಿಗೆ ಕಂಪ್ಯೂಟರ್ ಯಾಕೆ' ಎಂದು ನಮ್ಮನ್ನು ರೇಗಿಸುವ ವಿಜ್ಞಾನ ವಿಭಾಗದ ಗೆಳೆಯರಿಗೂ ನನ್ನ ಉತ್ತರ ಇದೇ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಈ ವರ್ಷದ ವಾಣಿಜ್ಯ ದಿನಕ್ಕೆ ನಾವು ಕಿರಾಣಿ ಅಂಗಡಿಯ ಆಟ ಮಾಡಿದ್ದೆವು. ಕೈಯಲ್ಲಿರುವ ದುಡ್ಡಿನಲ್ಲಿ ಎಷ್ಟು ಮಾಲು ತರಬೇಕು, ಎಷ್ಟು ಉದ್ರಿ ಕೊಡಬೇಕು ಎಂದು ಆಡುವವರು ನಿರ್ಧರಿಸಬೇಕಿತ್ತು. ಎಕ್ಸೆಲ್‌ನಲ್ಲಿ ಹಾಕಿದ್ದು ನಾನು, ವಿವರಿಸಿದ್ದು ಇನ್ನೊಬ್ಬಳು. ಬಹುಮಾನವೂ ಬಂತು. ಆದರೆ ಯಾವ ಸಾಮಾನು ಬೇಗ ಕೆಡುತ್ತದೆ, ಉದ್ರಿ ಯಾವಾಗ ವಾಪಸ್ ಬರುತ್ತದೆ ಎಂಬ ನಿಯಮಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟದ್ದು ನನ್ನ ಪಕ್ಕ ಕೂರುವ ಗೆಳತಿ. ಅವಳ ಅಬ್ಬಾ ಅಂಗಡಿ ನಡೆಸುತ್ತಾರೆ. ಅವಳು ಕಂಪ್ಯೂಟರ್ ಮುಟ್ಟಿರಲಿಲ್ಲ, ಅದಕ್ಕೇ ಚಾರ್ಟಿನಲ್ಲಿ ಹೆಸರು ಬರೆಯುವಾಗ ಅವಳು ನನಗೆ ನೆನಪಾಗಲಿಲ್ಲ. ಎರಡೇ ಹೆಸರು ಬರೆದೆ. ಅವಳು ಏನೂ ಅನ್ನಲಿಲ್ಲ. ಅದೇ ಈಗ ನನಗೆ ಚುಚ್ಚುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಪ್ರಾಜೆಕ್ಟ್ ಇರಲಿ, ನಾಟಕ ಇರಲಿ, ವಸ್ತುಪ್ರದರ್ಶನ ಇರಲಿ, ವೇದಿಕೆ ಹತ್ತಿದವರ ಜೊತೆಗೆ ಯೋಚನೆ ಕೊಟ್ಟವರ ಹೆಸರನ್ನೂ ಅಂದೇ ಬರೆಯೋಣ. ಉಪನ್ಯಾಸಕರು ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಯಾರು ಏನು ಮಾಡಿದರು ಎಂಬ ಒಂದು ಕಾಲಂ ಇಡಿಸಿದರೆ ಸಾಕು. ಅಕೌಂಟೆನ್ಸಿ ಓದುವ ನಮಗೆ ಗೊತ್ತೇ ಇದೆ, ಒಂದು ಎಂಟ್ರಿ ಬಿಟ್ಟುಹೋದರೆ ಇಡೀ ಲೆಕ್ಕ ತಪ್ಪುತ್ತದೆ.

ಆ ಚಾರ್ಟ್ ಇನ್ನೂ ವಾಣಿಜ್ಯ ವಿಭಾಗದ ಗೋಡೆಯ ಮೇಲಿದೆ. ಸೋಮವಾರ ಮೇಡಂ ಅನುಮತಿ ಪಡೆದು, ಮಾರ್ಕರ್‌ನಿಂದ ಮೂರನೇ ಹೆಸರು ಬರೆದಿದ್ದೇನೆ. ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ಆ ಕಡೆ ಹೋದಾಗ ಒಮ್ಮೆ ನೋಡಿ.