ಪಾರ್ಲರಿಗೆ ಶೇ 5, ಹೆಗಲ ಭಾರಕ್ಕೆ ಶೇ 18

2025ರ ಸೆಪ್ಟೆಂಬರ್ 22ರಿಂದ ಮೈಸೂರಿನ ದೊಡ್ಡ ಬ್ಯೂಟಿ ಪಾರ್ಲರಿನಲ್ಲಿ ಫೇಶಿಯಲ್ ಮಾಡಿಸಿಕೊಂಡರೆ ಜಿಎಸ್‌ಟಿ ಶೇ 5. ಅದಕ್ಕೆ ಮುಂಚೆ ಶೇ 18 ಇತ್ತು. ಸಲೂನು, ಜಿಮ್ಮು, ಯೋಗ ಕೇಂದ್ರಗಳಿಗೂ ಅದೇ ರಿಯಾಯಿತಿ ಸಿಕ್ಕಿತು. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ತೆರಿಗೆಯಂತೂ ಪೂರ್ತಿ ಹೋಯಿತು. ಆದರೆ ಅದೇ ಮೈಸೂರಿನ ಖಾಸಗಿ ಆಸ್ಪತ್ರೆಗೆ ನಂಜನಗೂಡಿನಿಂದಲೋ ತಿ. ನರಸೀಪುರದಿಂದಲೋ ಒಬ್ಬ ಹೆಂಗಸು ಹೋಗಿ, ಬೆನ್ನು ಹೆಗಲು ತಾಳಲಾರದ ಸ್ತನಭಾರವನ್ನು ಇಳಿಸಿಕೊಂಡರೆ, ಬಿಲ್ಲಿನ ಕೊನೆಗೆ ಕೂರುವ ತೆರಿಗೆ ಈಗಲೂ ಶೇ 18. ಇದು ತಪ್ಪು, ಇದನ್ನು ತಿದ್ದಬೇಕು. ತಿದ್ದುವುದಕ್ಕೆ ಒಂದು ಪದ ಸಾಕು. ಆ ಪದದ ಮಾತು ಯಾರೂ ಎತ್ತುತ್ತಿಲ್ಲ ಎಂಬುದೇ ನನ್ನ ತಕರಾರು.

ಸೌಂದರ್ಯಕ್ಕಾಗಿ ಕತ್ತರಿ ಹಾಕಿಸಿಕೊಳ್ಳುವವರು ತೆರಿಗೆ ಕಟ್ಟಿದರೆ ತಪ್ಪೇನು ಎಂದು ಅಂಕಣಕಾರರೊಬ್ಬರು ಕೇಳಿದ್ದಾರೆ. ಸ್ತನದ ಶಸ್ತ್ರಚಿಕಿತ್ಸೆ ಎಂದರೆ ಸಿಲಿಕೋನ್ ತುಂಬಿಸುವುದು, ಅದು ಉಳ್ಳವರ ಬಯಕೆ ಎಂಬ ಎಣಿಕೆ ಆ ಬರಹದಲ್ಲಿದೆ. ಆ ಎಣಿಕೆಯೇ ಸರಿಯಿಲ್ಲ. ಇಂಪ್ಲಾಂಟ್ ಬೇಡದ ಶಸ್ತ್ರಚಿಕಿತ್ಸೆಗಳ ಸಾಲು ದೊಡ್ಡದಿದೆ: ಭಾರ ಇಳಿಸುವುದು, ಜೋತದ್ದನ್ನು ಎತ್ತಿ ಕಟ್ಟುವುದು, ಹೊಟ್ಟೆ ತೊಡೆಯ ಕೊಬ್ಬನ್ನು ಹೀರಿ ತುಂಬುವುದು, ಬೆನ್ನಿನ ಅಥವಾ ಹೊಟ್ಟೆಯ ಮಾಂಸ ಚರ್ಮವನ್ನೇ ತಂದು ಕ್ಯಾನ್ಸರ್ ಕಿತ್ತುಕೊಂಡ ಸ್ತನವನ್ನು ಮತ್ತೆ ಕಟ್ಟುವುದು. ಇವುಗಳಲ್ಲಿ ಯಾವುದು ಅಲಂಕಾರ, ಯಾವುದು ಚಿಕಿತ್ಸೆ?

ತಿ. ನರಸೀಪುರದಲ್ಲಿ ನಮ್ಮ ರವಿಕೆ ಹೊಲಿಯುವ ಅಕ್ಕನನ್ನು ಕೇಳಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅಳತೆ ತೆಗೆಯುವಾಗ ಆಕೆಯ ಬೆರಳಿಗೆ ಮೊದಲು ಸಿಗುವುದು ಹೆಗಲ ಮೇಲಿನ ಗುಳಿ. ವರ್ಷಗಟ್ಟಲೆ ಬ್ರಾ ಪಟ್ಟಿ ಕೊರೆದು ಕೊರೆದು ಆದದ್ದು. ಕೆಲವರಿಗೆ ಅದು ಅರ್ಧ ಬೆರಳು ಇಳಿಯುವಷ್ಟು ಆಳ, ಬಣ್ಣ ಕಪ್ಪು. ಅಂಥವರಿಗೆ ಆಕೆ ಕೇಳದೆಯೇ ಪಟ್ಟಿ ಅಗಲ ಇಟ್ಟು, ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಹೊಲಿಯುತ್ತಾಳೆ. ಸ್ತನದ ಕೆಳಗಿನ ಮಡಿಕೆಯಲ್ಲಿ ಬೇಸಿಗೆಯಿಡೀ ಚರ್ಮ ಹಸಿಹಸಿ, ತುರಿಕೆ, ಉರಿ. ನಾಟಿಗೆ ಬಗ್ಗಿದವರು ಏಳುವಾಗ ಕತ್ತು ಹಿಡಿದುಕೊಂಡೇ ಏಳುತ್ತಾರೆ. ಇವರಲ್ಲಿ ಒಬ್ಬರೂ ಕನ್ನಡಿಯ ಮುಂದೆ ನಿಂತು ಬೇಸರಪಟ್ಟು ಡಾಕ್ಟರ ಹತ್ತಿರ ಹೊರಟವರಲ್ಲ. ‘ತೂಕ ಇಳಿಸಿ, ಸರಿಹೋಗುತ್ತೆ’ ಎಂಬ ಮಾತು ಕೇಳಿ ಕೇಳಿ ಸುಮ್ಮನಾದವರು. 2002ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಶೋಧನಾ ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ಮಾತಿಗೆ ಉತ್ತರ ಕೊಟ್ಟಾಗಿದೆ: ವಿಶೇಷ ಬ್ರಾ, ವ್ಯಾಯಾಮ, ಔಷಧಿ ಯಾವುದೂ ಈ ನೋವಿಗೆ ಉಳಿಯುವ ಪರಿಹಾರ ಕೊಡಲಿಲ್ಲ, ಶಸ್ತ್ರಚಿಕಿತ್ಸೆ ಕೊಟ್ಟಿತು.

ಈಗ ಕಾನೂನು ಏನು ಹೇಳುತ್ತದೆ ನೋಡಿ. 2017ರ ಜೂನ್ 28ರ 12ನೇ ಸಂಖ್ಯೆಯ ಜಿಎಸ್‌ಟಿ ಅಧಿಸೂಚನೆ ಆರೋಗ್ಯ ಸೇವೆಗೆ ತೆರಿಗೆ ವಿನಾಯಿತಿ ಕೊಡುತ್ತದೆ. ಅದೇ ಉಸಿರಿನಲ್ಲಿ ಕೂದಲು ಕಸಿ, ಕಾಸ್ಮೆಟಿಕ್ ಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿ ಮೂರನ್ನೂ ಒಂದೇ ಕಟ್ಟಿಗೆ ಹಾಕಿ ಹೊರಗಿಡುತ್ತದೆ. ಹೊರಗಿಟ್ಟವು ಒಳಗೆ ಬರಲು ನಾಲ್ಕು ಬಾಗಿಲು: ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ವೈಪರೀತ್ಯ, ಗಾಯ, ಆಘಾತ. ಇಷ್ಟೇ. ‘ರೋಗ’ ಎಂಬ ಪದ ಅಲ್ಲಿಲ್ಲ. 2012ರ ಸೇವಾ ತೆರಿಗೆಯ ಅಧಿಸೂಚನೆಯಲ್ಲೂ ಇರಲಿಲ್ಲ. ಅಲ್ಲಿನ ಸಾಲನ್ನೇ ಜಿಎಸ್‌ಟಿಗೆ ಎತ್ತಿ ಇಟ್ಟರು. 2025ರಲ್ಲಿ ದರಗಳನ್ನೆಲ್ಲ ಬುಡಮೇಲು ಮಾಡಿ ಜೋಡಿಸಿದಾಗಲೂ ಈ ಸಾಲನ್ನು ಯಾರೂ ಮುಟ್ಟಲಿಲ್ಲ.

ಇದರ ಅರ್ಥ ಏನು? ಅಪಘಾತದಲ್ಲಿ ಅಂಗ ಹೋದವರಿಗೆ ಅದನ್ನು ಮತ್ತೆ ಕಟ್ಟುವುದು ಚಿಕಿತ್ಸೆ. ಕ್ಯಾನ್ಸರಿಗೆ ಸ್ತನ ಹೋದವಳಿಗೆ ಮತ್ತೆ ಕಟ್ಟುವುದು ಚಿಕಿತ್ಸೆಯೇ ಎಂದು ಅಧಿಸೂಚನೆ ಸ್ಪಷ್ಟವಾಗಿ ಹೇಳುವುದಿಲ್ಲ. ಶಸ್ತ್ರಚಿಕಿತ್ಸೆಯ ಗಾಯವೂ ಗಾಯವೇ ಎಂದು ವಾದಿಸಬಹುದು, ಒಳ್ಳೆಯ ಆಸ್ಪತ್ರೆಯ ಲೆಕ್ಕಿಗರು ಹಾಗೆ ಓದಿ ತೆರಿಗೆ ಬಿಡಲೂಬಹುದು. ಆದರೆ ಒಬ್ಬ ಹೆಣ್ಣುಮಗಳ ಹಕ್ಕು ಬಿಲ್ ಬರೆಯುವವರ ಓದಿನ ಮೇಲೆ ನಿಲ್ಲಬೇಕೆ? ಸ್ತನಭಾರದ ವಿಷಯದಲ್ಲಿ ಆ ವಾದಕ್ಕೂ ಜಾಗವಿಲ್ಲ. ಹರೆಯದಲ್ಲೇ ಮಿತಿಮೀರಿ ಬೆಳೆದರೆ ‘ಬೆಳವಣಿಗೆಯ ವೈಪರೀತ್ಯ’ ಎನ್ನಬಹುದು. ಮೂರು ಬಾಣಂತನ ಕಳೆದ ಮೇಲೆ ಭಾರವಾದವಳಿಗೆ ನಾಲ್ಕರಲ್ಲಿ ಯಾವ ಬಾಗಿಲೂ ತೆರೆಯುವುದಿಲ್ಲ.

ಒಂದು ಲಕ್ಷದ ಬಿಲ್ಲು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ತೆರಿಗೆ 18,000 ರೂಪಾಯಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಪಡೆದ ಗೃಹಲಕ್ಷ್ಮಿಯ ಒಂಬತ್ತು ತಿಂಗಳ ಹಣ ಅದು. ತಿಂಗಳಿಗೆ ಎರಡು ಸಾವಿರ ಕೊಡುವುದು ಒಂದು ಕೈ, ಒಂಬತ್ತು ತಿಂಗಳದ್ದನ್ನು ಒಂದೇ ಸಲ ಎತ್ತಿಕೊಳ್ಳುವುದು ಇನ್ನೊಂದು ಕೈ. ಆಯುಷ್ಮಾನ್ ಯೋಜನೆ ಹೊರಗಿಟ್ಟಿರುವ ಚಿಕಿತ್ಸೆಗಳಲ್ಲೂ ‘ಕಾಸ್ಮೆಟಿಕ್’ ಇದೆ. ಹೀಗೆ ಒಂದೇ ಪದ ಬಡವಳನ್ನು ಎರಡು ಕಡೆ ತಡೆಯುತ್ತದೆ: ಸರ್ಕಾರಿ ಕಾರ್ಡಿನಲ್ಲಿ ಮಾಡಿಸಲಾಗದು, ಸಾಲ ಮಾಡಿ ಮಾಡಿಸಿಕೊಂಡರೆ ತೆರಿಗೆ.

ಸ್ವಂತ ಮಾಂಸದಿಂದ ಅಂಗ ಕಟ್ಟುವುದು ಮೈಸೂರಿನ ಇತಿಹಾಸಕ್ಕೆ ಹೊರಗಿನ ಸಂಗತಿಯೂ ಅಲ್ಲ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯಲ್ಲಿ ಅವನ ಹಣೆಯ ಚರ್ಮವನ್ನೇ ಬಾಗಿಸಿ ತಂದು ಹೊಸ ಮೂಗು ಕಟ್ಟಿದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಅದು ಅಚ್ಚಾದ ಮೇಲೆ ಯುರೋಪಿನ ಶಸ್ತ್ರವೈದ್ಯರು ಆ ವಿದ್ಯೆ ಕಲಿಯಹೊರಟರು. ಸ್ತನವನ್ನು ಹೀಗೆ ತುಂಬಿದ್ದು ಅದರ ನೂರು ವರ್ಷದ ಮೇಲೆ, 1895ರಲ್ಲಿ. ಜರ್ಮನಿಯ ವಿನ್ಸೆನ್ಜ್ ಚೆರ್ನಿ ರೋಗಕ್ಕಾಗಿ ಗಡ್ಡೆ ತೆಗೆದ ಸ್ತನಕ್ಕೆ ಅದೇ ಹೆಂಗಸಿನ ಮೈಯಿಂದ ಕೊಬ್ಬಿನ ಗಂಟೊಂದನ್ನು ತಂದು ಕೂರಿಸಿದರು. ಸಿಲಿಕೋನ್ ಇಂಪ್ಲಾಂಟ್ ಬಂದದ್ದು 1962ರಲ್ಲಿ. ಅಂದರೆ ಈ ವಿದ್ಯೆ ಶುರುವಾದದ್ದೇ ಇಂಪ್ಲಾಂಟ್ ಇಲ್ಲದೆ, ರೋಗಿಗಾಗಿ. ಕವಾಸ್ಜಿಯ ಮೂಗು ಇಂದು ಕಟ್ಟಿದರೆ ‘ಗಾಯ’ದ ಬಾಗಿಲಲ್ಲಿ ತೆರಿಗೆಯಿಲ್ಲದೆ ಒಳಗೆ ಬರುತ್ತದೆ. ಚೆರ್ನಿಯ ರೋಗಿ ಹೊರಗೆ ನಿಲ್ಲಬೇಕಾಗಬಹುದು.

ನಂಜನಗೂಡು ತಾಲ್ಲೂಕಿನ ನಮ್ಮ ದೊಡ್ಡಮ್ಮನಿಗೆ ಎಡಗಡೆಯ ಸ್ತನ ತೆಗೆದು ಆರು ವರ್ಷವಾಯಿತು. ಆರಾಮವಾಗಿದ್ದಾರೆ. ಆಪರೇಷನ್ನಿಗೆ ಹೋಗುವಾಗ ನಂಜುಂಡೇಶ್ವರನಿಗೆ ಉರುಳುಸೇವೆ ಹೇಳಿಕೊಂಡಿದ್ದರು. ಹಕೀಮ ನಂಜುಂಡ ಎಂದು ಕರೆಸಿಕೊಂಡ ದೇವರಲ್ಲವೇ. ಆ ಹರಕೆ ಇನ್ನೂ ತೀರಿಲ್ಲ. ರವಿಕೆಯ ಎಡಭಾಗಕ್ಕೆ ಅವರು ಇಟ್ಟುಕೊಳ್ಳುವುದು ಬಿಳಿ ಪಂಚೆಯ ತುಂಡಿನಲ್ಲಿ ಹೊಲಿಸಿದ ಒಂದು ಅಂಗೈ ಚೀಲ. ಹೊಲಿದವಳು ಅದೇ ನರಸೀಪುರದ ಅಕ್ಕ. ಒಳಗೆ ರಾಗಿ. ‘ಅಕ್ಕಿಗಾದ್ರೆ ಹುಳ ಬೀಳ್ತದೆ ಮಗಾ, ರಾಗಿಗೆ ಬೀಳಲ್ಲ’ ಎಂದರು ನಾನು ಕೇಳಿದಾಗ. ಹತ್ತಿ ಇಟ್ಟರೆ ಹಗುರ, ನಡೆಯುವಾಗ ಮೇಲಕ್ಕೆ ಜಾರುತ್ತದೆ. ರಾಗಿ ತೂಕಕ್ಕೆ ಕೂರುತ್ತದೆ. ಆದರೆ ಉರುಳುಸೇವೆಗೆ ಮೊದಲು ಕಪಿಲೆಯಲ್ಲಿ ಮುಳುಗಿ ಏಳಬೇಕು, ಒದ್ದೆ ಬಟ್ಟೆಯಲ್ಲೇ ಉರುಳಬೇಕು. ‘ನೆಂದ್ರೆ ರಾಗಿ ಮೊಳಕೆ ಬತ್ತದೆ. ತೆಗೆದಿಟ್ಟು ಹೋದ್ರೆ ಒದ್ದೆ ಸೀರೇಲಿ ಎಲ್ಲಾ ಕಾಣ್ತದೆ. ಅಷ್ಟು ಜನದ ಮುಂದೆ ಉರುಳಕಾಯ್ತದಾ?’ 2025ರ ಫೆಬ್ರುವರಿಯಲ್ಲಿ ತಿ. ನರಸೀಪುರದ ಸಂಗಮದಲ್ಲಿ ಕುಂಭಮೇಳ ನಡೆದಾಗಲೂ ಅವರು ಮೆಟ್ಟಿಲ ಮೇಲೇ ನಿಂತು ಎರಡು ಬೊಗಸೆ ನೀರು ತಲೆಗೆ ಹಾಕಿಕೊಂಡು ಬಂದರು.

ಬೆನ್ನಿನ ಸ್ನಾಯುವಿನಿಂದಲೋ ಹೊಟ್ಟೆಯ ಕೊಬ್ಬು ಚರ್ಮದಿಂದಲೋ ಸ್ತನ ಮತ್ತೆ ಕಟ್ಟಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಬಂತು. ಅಮೆರಿಕ 1998ರಲ್ಲೇ ಕಾನೂನು ಮಾಡಿತು: ಸ್ತನ ತೆಗೆಯುವ ಖರ್ಚು ಕೊಡುವ ವಿಮೆ, ಕಟ್ಟುವ ಖರ್ಚನ್ನೂ ಕೊಡಬೇಕು, ಎರಡೂ ಸಮವಾಗಲು ಇನ್ನೊಂದು ಸ್ತನಕ್ಕೆ ಮಾಡುವ ಶಸ್ತ್ರಚಿಕಿತ್ಸೆಗೂ ಕೊಡಬೇಕು. ಅಷ್ಟು ದೂರ ಬೇಡವೆಂದರೆ ಪಕ್ಕದ ತಮಿಳುನಾಡು ನೋಡಿ. 2018ರ ಫೆಬ್ರುವರಿಯಲ್ಲಿ ಚೆನ್ನೈನ ಸರ್ಕಾರಿ ಸ್ಟ್ಯಾನ್ಲಿ ಆಸ್ಪತ್ರೆ ಸ್ತನದ ಶಸ್ತ್ರಚಿಕಿತ್ಸೆಗೇ ಉಚಿತ ಕ್ಲಿನಿಕ್ ತೆರೆಯಿತು. ಬಡವರಿಗೇಕೆ ಇದು ಸಿಗಬಾರದು, ಇಲ್ಲಿ ಸಿಗದಿದ್ದರೆ ಅವರು ಸಾಲ ಮಾಡುತ್ತಾರೆ, ಅಪಾಯದ ದಾರಿ ಹಿಡಿಯುತ್ತಾರೆ ಎಂಬುದು ಅಂದಿನ ಆರೋಗ್ಯ ಸಚಿವ ಸಿ. ವಿಜಯಭಾಸ್ಕರ್ ಅವರ ನಿಲುವು. ಸರ್ಕಾರದ ದುಡ್ಡಲ್ಲಿ ಶೋಕಿ ಎಂದು ಟೀಕೆ ಬಂತು. ಇಂಪ್ಲಾಂಟ್ ಸುದ್ದಿಯ ಗದ್ದಲದಲ್ಲಿ, ಹೆಗಲು ನೋವಿಗೆ ಭಾರ ಇಳಿಸಿಕೊಳ್ಳಲು ಬರುವವರೂ ಅಲ್ಲಿದ್ದಾರೆ ಎಂಬುದು ಮುಚ್ಚಿಹೋಯಿತು.

ನಾನು ಎಲ್ಲದಕ್ಕೂ ವಿನಾಯಿತಿ ಕೇಳುತ್ತಿಲ್ಲ. ಗಾತ್ರ ಹೆಚ್ಚಿಸಿಕೊಳ್ಳಲೆಂದೇ ಹೋಗುವವರು ತೆರಿಗೆ ಕಟ್ಟಲಿ. ಅದಕ್ಕಿಂತ ಮುಖ್ಯ, ‘ಇಂಪ್ಲಾಂಟ್ ಇಲ್ಲ, ನಿಮ್ಮದೇ ಕೊಬ್ಬು, ಆದ್ದರಿಂದ ಅಪಾಯವಿಲ್ಲ’ ಎಂದು ಮೊಬೈಲಿನಲ್ಲಿ ಬರುವ ಜಾಹೀರಾತುಗಳನ್ನು ಹಳ್ಳಿಯ ಹುಡುಗಿಯರೂ ನೋಡುತ್ತಿದ್ದಾರೆ. ಕೊಬ್ಬು ತುಂಬುವ ಮೊದಲು ಕೊಬ್ಬು ಹೀರಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಾಗ ಅವರ ವಯಸ್ಸು 21. ತುಂಬಿದ ಕೊಬ್ಬಿನಲ್ಲಿ ಒಂದು ಪಾಲು ಕೆಲವು ತಿಂಗಳಲ್ಲಿ ಕರಗುತ್ತದೆ, ಮತ್ತೆ ತುಂಬಿಸಬೇಕಾಗಬಹುದು. ಉಳಿದದ್ದು ಅಲ್ಲಲ್ಲಿ ಗಂಟಾಗಿ ಸುಣ್ಣಗಟ್ಟಬಹುದು. ಈ ಸುಣ್ಣದ ಚುಕ್ಕೆಗಳು ಮ್ಯಾಮೊಗ್ರಾಂನಲ್ಲಿ ಕ್ಯಾನ್ಸರನ್ನು ಮರೆಮಾಡಬಹುದೆಂಬ ಭಯದಿಂದಲೇ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ 1987ರಲ್ಲಿ ಈ ವಿಧಾನವನ್ನು ಖಂಡಿಸಿತ್ತು. ನಿಲುವು ಸಡಿಲಿಸಿದ್ದು 2009ರಲ್ಲಿ, 22 ವರ್ಷದ ಮೇಲೆ. ಇದನ್ನೆಲ್ಲ ಹೇಳುವ ಒಬ್ಬ ಸರ್ಕಾರಿ ತಜ್ಞರು ಕೈಗೆ ಸಿಗುವಂತಿದ್ದರೆ ಜಾಹೀರಾತನ್ನೇ ನೆಚ್ಚಿ ಹೋಗುವುದು ತಪ್ಪುತ್ತದೆ.

ಕೇಳುತ್ತಿರುವುದು ಎರಡೇ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರವಾಗಿ ಕೂರುವ ಕೃಷ್ಣ ಬೈರೇಗೌಡರು 2017ರ ಆ ಸಾಲಿಗೆ ‘ರೋಗ’ ಸೇರಿಸಲು ಪಟ್ಟು ಹಿಡಿಯಲಿ. ನೋವಿಗಾಗಿ ಭಾರ ಇಳಿಸುವುದನ್ನು ಸರ್ಜನ್ನರ ಪತ್ರದ ಮೇಲೆ ಚಿಕಿತ್ಸೆಯೆಂದು ಒಪ್ಪಿಸಲಿ. ಮತ್ತೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಸ್ತನ ಮರುರಚನೆ ಮತ್ತು ಭಾರ ಇಳಿಸುವ ಚಿಕಿತ್ಸೆಗೆಂದೇ ಹೊರರೋಗಿ ವಿಭಾಗ ನಡೆಯಲಿ, ಮಹಿಳಾ ವೈದ್ಯರು ಇರಲಿ. ಸೋಮವಾರ ಬೇಡ. ಅವತ್ತು ನಂಜನಗೂಡಿನಿಂದ ಮೈಸೂರಿಗೆ ಬರುವ ಬಸ್ಸುಗಳಲ್ಲಿ ದೇವಸ್ಥಾನದ ಜನ, ಆಪರೇಷನ್ ಆದ ಮೈಯಲ್ಲಿ ನಿಂತು ಬರಲಾಗುವುದಿಲ್ಲ.