ಅಂಚೆಪೆಟ್ಟಿಗೆ ಯಾರ ಮನೆಯಲ್ಲಿರಬೇಕು?

ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮಿಂಚಂಚೆ ವ್ಯವಸ್ಥೆಯನ್ನು ಚೆನ್ನೈ ಮೂಲದ ಜೋಹೋ ಕಂಪನಿಯ ವೇದಿಕೆಗೆ ಸ್ಥಳಾಂತರಿಸಿದ ಸುದ್ದಿ 2025ರ ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ಬಂದಿತು. ವಿಳಾಸ ಬದಲಾಗಲಿಲ್ಲ, ವಿಳಾಸದ ಹಿಂದಿನ ಮನೆ ಬದಲಾಯಿತು. ದಿಲ್ಲಿಯ ಕಚೇರಿಗಳ ಚಹಾ ವೇಳೆಯ ಚರ್ಚೆ ಸ್ವದೇಶಿಯೋ ವಿದೇಶಿಯೋ ಎಂಬುದರ ಸುತ್ತಲೇ ಸುಳಿಯಿತು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನಾವು ಕೈ ಅಲ್ಲಾಡಿಸದೆಯೇ ನಮ್ಮ ಪತ್ರಗಳು ಮನೆ ಬದಲಿಸಬಲ್ಲವಾದರೆ, ಅವು ಎಷ್ಟರಮಟ್ಟಿಗೆ ನಮ್ಮವು?

ಸರ್ಕಾರಿ ಪತ್ರಗಳ ಮಟ್ಟಿಗೆ ಉತ್ತರ ಸರಳ: ಅವು ನಮ್ಮವಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯು ಗಣಕಯಂತ್ರದಲ್ಲಿ ಹುಟ್ಟಿದ್ದನ್ನೂ ದಾಖಲೆಯೆಂದೇ ಪರಿಗಣಿಸುತ್ತದೆ. ಕಡತವನ್ನು ಮನೆಗೆ ಹೊತ್ತೊಯ್ಯುವ ಅಧಿಕಾರ ಗುಮಾಸ್ತನಿಗೆ ಹೇಗಿಲ್ಲವೋ ಹಾಗೆಯೇ ಕಚೇರಿಯ ಮಿಂಚಂಚೆಯನ್ನು ಸ್ವಂತ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ಹಕ್ಕೂ ಇರಬೇಕಾಗಿಲ್ಲ. ಅಲ್ಲಿ ಬ್ರೌಸರಿನಲ್ಲಿ ತೆರೆದು, ಓದಿ, ಮುಚ್ಚುವುದೇ ಸರಿ. ನನ್ನ ತಕರಾರು ಖಾಸಗಿ ಪತ್ರಗಳನ್ನು ಕುರಿತದ್ದು.

ಒಂದು ಕಾಲದಲ್ಲಿ ಪತ್ರ ಓದಲು ಗಣಕದಲ್ಲಿ ಪ್ರತ್ಯೇಕ ತಂತ್ರಾಂಶವೊಂದು ಇರಲೇಬೇಕಿತ್ತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡಾರ್ನರ್ 1988ರಲ್ಲಿ ಬರೆದ ಅಂಥದೊಂದು ತಂತ್ರಾಂಶಕ್ಕೆ ‘ಯೂಡೋರಾ’ ಎಂದು ಹೆಸರಿಟ್ಟರು. ಅಂಚೆ ಕಚೇರಿಯಲ್ಲೇ ಬಿಡಾರ ಹೂಡುವ ಹೆಂಗಸೊಬ್ಬಳ ಕಥೆ ಬರೆದ ಅಮೆರಿಕದ ಲೇಖಕಿ ಯೂಡೋರಾ ವೆಲ್ಟಿಯ ಹೆಸರದು. (ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಗಣಕಲೋಕದಲ್ಲಿ ಸಿಗುವ ಇಂಥ ಸಂತೋಷಗಳು ಕಡಿಮೆ.) 1996ರ ಜುಲೈ 4ರಂದು ಹಾಟ್‌ಮೇಲ್ ಬಂದಿತು, ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಸೈಬರ್ ಕೆಫೆಯ ಯಾವ ಗಣಕದ ಮುಂದೆ ಕುಳಿತರೂ ನಮ್ಮ ಪತ್ರ ನಮಗೆ ಸಿಗುವಂತಾಯಿತು. ಸ್ವಂತ ಗಣಕವಿಲ್ಲದ ಕೋಟ್ಯಂತರ ಜನರಿಗೆ ಅದು ವರವೇ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟ್ ಜಾಗವನ್ನು ಪುಕ್ಕಟೆ ಕೊಟ್ಟ ಮೇಲಂತೂ ಪತ್ರಗಳನ್ನು ಮನೆಗೆ ತರುವ ರೂಢಿಯೇ ತಪ್ಪಿಹೋಯಿತು.

ಇದರಲ್ಲಿ ನಾವು ಕಳೆದುಕೊಂಡದ್ದೇನು? ನಮ್ಮ ಹಿರಿಯ ಲೇಖಕರ ಪತ್ರಗಳು ಉಳಿದದ್ದು ಯಾರೋ ಯೋಜನೆ ಹಾಕಿ ಉಳಿಸಿದ್ದರಿಂದಲ್ಲ; ಅಟ್ಟದ ಮೇಲಿನ ಟ್ರಂಕನ್ನು ಯಾರೂ ಎಸೆಯಲಿಲ್ಲವಾದ್ದರಿಂದ. ಕಾಗದಕ್ಕೆ ನಮ್ಮ ಅಲಕ್ಷ್ಯವೂ ಒಂದು ರಕ್ಷಣೆ. ಪರರ ಸರ್ವರಿನಲ್ಲಿರುವ ಪತ್ರಕ್ಕೆ ಅಲಕ್ಷ್ಯವೇ ಮೃತ್ಯು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಲೇಖಕರೊಬ್ಬರು ತೀರಿಕೊಂಡರೆ, ಪಾಸ್‌ವರ್ಡ್ ಮನೆಯವರಿಗೆ ತಿಳಿದಿಲ್ಲದಿದ್ದರೆ, ವರ್ಷಾಂತಿಕ ಎರಡು ಸಲ ಬಂದುಹೋಗುವಷ್ಟರಲ್ಲಿ ಅವರ ಇಪ್ಪತ್ತು ವರ್ಷಗಳ ಪತ್ರವ್ಯವಹಾರ ಇಲ್ಲವಾಗಬಹುದು. ದಿಲ್ಲಿಯಂಥ ಊರಿನ ಕನ್ನಡಿಗರಿಗೆ ಈ ನಷ್ಟ ಇನ್ನೂ ಹೆಚ್ಚು. ಊರಿನೊಡನೆ, ಸಂಪಾದಕರೊಡನೆ, ಸಹಲೇಖಕರೊಡನೆ ನಮ್ಮ ನಂಟು ಬಹುಪಾಲು ಉಳಿದಿರುವುದೇ ಅಕ್ಷರದಲ್ಲಿ.

ಹಾಗೆಂದು ಥಂಡರ್‌ಬರ್ಡನ್ನೋ ಔಟ್‌ಲುಕ್ಕನ್ನೋ ಸ್ಥಾಪಿಸಿದ ಕೂಡಲೇ ಪತ್ರ ನಮ್ಮದಾಗುವುದಿಲ್ಲ. ಈಗ ರೂಢಿಯಲ್ಲಿರುವ ಐಮ್ಯಾಪ್ ಪದ್ಧತಿ ಒಂದು ಕನ್ನಡಿಯಷ್ಟೆ. ಸರ್ವರಿನಲ್ಲಿ ಅಳಿದದ್ದು ಮುಂದಿನ ಸಲ ಸಂಪರ್ಕ ದೊರೆತಾಗ ನಮ್ಮಲ್ಲೂ ಅಳಿಯುತ್ತದೆ. ಹಳೆಯ ಪಾಪ್ ಪದ್ಧತಿ ಪತ್ರವನ್ನು ಮನೆಗೇ ತರುತ್ತದೆ. ಆದರೆ ಸರ್ವರಿನಲ್ಲಿ ಪ್ರತಿಯನ್ನು ಬಿಡುವಂತೆ ಹೇಳದಿದ್ದರೆ ಅಲ್ಲಿರುವುದನ್ನು ತೆಗೆದುಹಾಕಬಹುದು. ಉಳಿಸಬೇಕಾದ ಪತ್ರಗಳನ್ನು ಥಂಡರ್‌ಬರ್ಡಿನ ಸ್ಥಳೀಯ ಕಡತಕೋಶಕ್ಕೆ ನಕಲು ಮಾಡಬೇಕು. ಆ ಕೋಶದ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿರಬೇಕು. ಅದು ಸಾಮಾನ್ಯವಾಗಿ ಎಂಬಾಕ್ಸ್ ಎಂಬ ಹಳೆಯ, ಸರಳ ರೂಪದಲ್ಲಿರುತ್ತದೆ. ಒಂದು ತಂತ್ರಾಂಶ ನಿಂತುಹೋದರೂ ಇನ್ನೊಂದು ಅದನ್ನು ಓದಬಲ್ಲದು. ಇಲ್ಲಿ ಕನ್ನಡಿಗರಿಗೆ ಒಂದು ಎಚ್ಚರಿಕೆ. ಆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಇಂಗ್ಲಿಷ್ ಪತ್ರ ಬಹುಮಟ್ಟಿಗೆ ಓದಲು ಬರುತ್ತದೆ, ಕನ್ನಡ ಪತ್ರ ಮಾತ್ರ ಅರ್ಥಹೀನ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಕೆಟ್ಟುಹೋಯಿತೆಂದು ಎಸೆಯಬೇಡಿ. ಅಂಚೆ ಹಾದಿಗಾಗಿ ಮಾಡಿದ ಸಂಕೇತೀಕರಣ ಅದು. ತಂತ್ರಾಂಶದೊಳಗೆ ತೆರೆದರೆ ಕನ್ನಡ ಮರಳಿ ಮೂಡುತ್ತದೆ.

ಲ್ಯಾಪ್‌ಟಾಪ್ ಕಳುವಾದರೆ, ಡಿಸ್ಕ್ ಕೆಟ್ಟರೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದ್ದರಿಂದಲೇ ನಾನು ಬ್ರೌಸರನ್ನು ಬಿಡಿ ಎನ್ನುತ್ತಿಲ್ಲ. ಮೆಟ್ರೋದಲ್ಲಿ ನಿಂತು ಉತ್ತರಿಸಲು, ಪರಊರಿನಲ್ಲಿ ಅವಸರದ ಪತ್ರ ಹುಡುಕಲು ಅದಕ್ಕೆ ಸಾಟಿಯಿಲ್ಲ. ಆದರೆ ಅದು ವರಾಂಡ. ಅಲ್ಲಿ ಕುಳಿತು ಮಾತಾಡಬಹುದು, ಒಡವೆ ಇಡಲಾಗದು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಭೋಪಾಲ್ ದಾಟಿದ ಮೇಲೆ ಸಿಗ್ನಲ್ ಸತ್ತ ರಾತ್ರಿಗಳಲ್ಲಿ ಹಳೆಯ ಗೆಳೆಯರ ಪತ್ರಗಳನ್ನು ನಿಶ್ಚಿಂತೆಯಿಂದ ಓದಲು ಸಾಧ್ಯವಾಗುವುದು ಅವು ನನ್ನ ಬಳಿಯೇ ಇರುವುದರಿಂದ.

ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ, ಪ್ರತಿ ತೆಗೆದರೆ ಸಾಕು. ಅರ್ಧ ದಿನದ ಕೆಲಸ. ಡಿಸ್ಕಿನ ಮೇಲೆ ‘ಪತ್ರಗಳು’ ಎಂದು ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿ, ಮನೆಯ ಕಾಗದಪತ್ರಗಳ ಕಪಾಟಿನಲ್ಲಿಟ್ಟು, ಮಕ್ಕಳಿಗೆ ತೋರಿಸಿಡಿ.